ಕಹಿಯ ಪಾಳಿ

ನಮ್ಮೂರಿನಲ್ಲಿ ನೀರಿಗೆ ಪಾಳಿ ಇರಲಿಲ್ಲ, ಕರೆಂಟಿಗೆ ಪಾಳಿ ಇರಲಿಲ್ಲ, ಕಹಿಗೆ ಪಾಳಿ ಇತ್ತು. ಯಾರ ಮನೆಯ ಪಾಳಿ ಬಂದಿದೆಯೋ ಆ ಮನೆಯವರು ಬಾಗಿಲ ಮೇಲಿನ ಮೊಳೆಗೆ ಒಂದು ಸೌಟನ್ನು ತಲೆಕೆಳಗಾಗಿ ನೇತುಹಾಕಬೇಕು. ಸೌಟು ಕಂಡರೆ ಯಾರೂ ಆ ಮನೆಗೆ ಹೆಣ್ಣು ನೋಡಲು ಹೋಗುವುದಿಲ್ಲ, ಮದುವೆಗೆ ಕರೆಯಲು ಹೋಗುವುದಿಲ್ಲ, ಆ ಮನೆಯ ಒಲೆಯ ಮೇಲೆ ಬೆಂದದ್ದನ್ನು ಬಾಯಿಗೆ ಹಾಕುವುದಿಲ್ಲ. ಕಹಿ ಹೊತ್ತವನು ಬೈದರೆ ಅದನ್ನು ಬೈಗುಳವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನೇ ನೆಚ್ಚಿಕೊಂಡು ಕೆಲವರು ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ತಮ್ಮ ಪಾಳಿ ಬರುವವರೆಗೂ ಕೂಡಿಟ್ಟುಕೊಂಡು, ಬಂದ ಮೇಲೆ ಮಾವನ ಮನೆಗೆ ಹೋಗಿ ಇಳಿಸಿ ಬರುತ್ತಿದ್ದರು. ನಾನೂ ಹೋಗಿದ್ದೆ. ನನ್ನ ಮಾವ ಕಿವುಡ, ಬಸ್ ಚಾರ್ಜು ದಂಡವಾಯಿತು.

ಇದಕ್ಕೆಲ್ಲ ಕಾರಣ ಕಾಫಿ. ಸುತ್ತಲಿನ ಗುಡ್ಡದ ತೋಟಗಳಿಂದ ಹಣ್ಣು ನಮ್ಮೂರಿನ ಮಿಲ್ಲಿಗೆ ಬರುತ್ತದೆ. ಮಿಲ್ಲಿನವರು ಬೀಜ ತೆಗೆದುಕೊಂಡು ಕೆಂಪು ಸಿಪ್ಪೆಯನ್ನೂ ಲೋಳೆಯನ್ನೂ ಊರ ಹಿಂದೆ ಸುರಿಯುತ್ತಿದ್ದರು. ಸಿಪ್ಪೆಯ ರಾಶಿ ಎಷ್ಟು ಬೆಳೆದಿತ್ತೆಂದರೆ ಅದರ ನೆರಳು ಬಿದ್ದು ನಮ್ಮ ಬೀದಿಯ ಕೋಳಿಗಳು ಸಂಜೆಯಾಯಿತೆಂದುಕೊಂಡು ಮಧ್ಯಾಹ್ನವೇ ಗೂಡು ಸೇರುತ್ತಿದ್ದವು. ಕೊಳೆತ ರಸ ಇಳಿದು ಹಳ್ಳದ ನೀರು ಕಪ್ಪಾಯಿತು. ಏಡಿಗಳೆಲ್ಲ ಹಳ್ಳ ಬಿಟ್ಟು ಬಸ್ ಸ್ಟ್ಯಾಂಡಿಗೆ ಬಂದು ಕೂತಿದ್ದವು. ಬೇರೆ ಊರಿನವರು ಇದನ್ನು ನಂಬುವುದಿಲ್ಲ. ನಂಬದಿದ್ದರೆ ಬೇಡ, ಏಡಿಗಳಿಗೂ ನಂಬಿಕೆ ಇರಲಿಲ್ಲ, ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ.

ಆಗ ವಿಮಲಾಕ್ಷಿ ಅಂತ ಒಬ್ಬ ಮೇಡಂ ದೊಡ್ಡ ಊರಿನಿಂದ ಬಂದರು. ಅವರ ಹತ್ತಿರ ಒಂದು ಬಾಟಲಿ ಇತ್ತು. ಅದರೊಳಗಿದ್ದದ್ದಕ್ಕೆ ಕಿಣ್ವ ಅಂದರು. ನಾಲಿಗೆ ಹೊರಳದೆ ನಾವು ಹೆಪ್ಪು ಅಂದೆವು. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ. ಸಿಪ್ಪೆಯನ್ನು ತೊಟ್ಟಿಗೆ ತುಂಬಿ, ಬೆಚ್ಚನೆಯ ನೀರು ಬಿಟ್ಟು, ಹೆಪ್ಪು ಹಾಕಿ, ಗೋಣಿಚೀಲ ಮುಚ್ಚಿ ಇಡಬೇಕು. ನೀರು ಸುಟ್ಟರೆ ಹೆಪ್ಪು ಸಾಯುತ್ತದೆ, ತಣ್ಣಗಾದರೆ ಮಲಗುತ್ತದೆ. ಸರಿಯಾಗಿದ್ದರೆ ಅದು ಸಿಪ್ಪೆಯ ಗಟ್ಟಿಯನ್ನು ಬಿಡಿಸಿ, ಲೋಳೆಯನ್ನು ತೆಳ್ಳಗೆ ಮಾಡಿ, ಕಹಿಯನ್ನು ಕತ್ತರಿಸಿ ಬೇರೆ ಮಾಡುತ್ತದೆ. ಆಮೇಲೆ ಹಿಂಡಿದರೆ ಮೇಲಿನ ರಸದಿಂದ ಪಾಕ, ಕೆಳಗಿನ ಗಸಿಯಿಂದ ದನಕ್ಕೆ ಹಿಂಡಿ, ಒಣಗಿಸಿ ಬೀಸಿದರೆ ಹಿಟ್ಟು. ತೊಟ್ಟಿ ತಿರುವುವ ಕೆಲಸ ನನಗೆ ಸಿಕ್ಕಿತು. ನನ್ನ ಹೆಸರು ಜವರಯ್ಯ. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರ ಜೊತೆ ಸರಿಹೋಗದೆ ಶಾಲೆ ಬಿಟ್ಟವನು.

ಮೊದಲನೇ ತೊಟ್ಟಿ ತೆರೆದ ದಿನ ನಮಗೆ ಕಹಿಯ ವಿಚಾರ ಗೊತ್ತಿರಲಿಲ್ಲ. ಹಿಂಡಿಯನ್ನು ಹಾಗೇ ದನಗಳಿಗೆ ಹಾಕಿದೆವು. ಚೆನ್ನಬೋರಯ್ಯನವರ ಗಬ್ಬದ ಹಸು ಒಂದು ಬಾಯಿ ತಿಂದು, ಹಗ್ಗ ಹರಿದುಕೊಂಡು ಶಾಲೆಯ ಹೆಂಚಿನ ಮೇಲೆ ಹತ್ತಿ ನಿಂತಿತು. ಕರುವನ್ನು ಅಲ್ಲೇ ಹಾಕಿತು. ಹೆಪ್ಪು ಬಿಡಿಸಿದ ಕಹಿ ಎಲ್ಲೂ ಹೋಗಿರಲಿಲ್ಲ, ತೊಟ್ಟಿಯಲ್ಲೇ ಕಾಯುತ್ತಾ ಕೂತಿತ್ತು. ಎರಡನೇ ತೊಟ್ಟಿಯಲ್ಲಿ ರುಚಿ ನೋಡೋಣವೆಂದು ಬಡಗಿ ಈರಾಚಾರಿ ಮೊದಲ ಸೌಟು ಕುಡಿದ. ಅವನ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಆದರೆ ತೊಟ್ಟಿ ಪೂರ್ತಿ ಸಿಹಿಯಾಗಿತ್ತು. ಮುಂದಿನ ತೊಟ್ಟಿಯ ಮೊದಲ ಸೌಟನ್ನು ಇನ್ನೊಬ್ಬರು ಕುಡಿಯುವವರೆಗೂ ಈರಾಚಾರಿಗೆ ಅನ್ನ, ಬೆಲ್ಲ, ಬೀಡಿ, ಹೆಂಡತಿಯ ಕೈಯ ಮಜ್ಜಿಗೆ ಎಲ್ಲವೂ ಕಹಿ.

ಮೇಡಂ ಇದನ್ನು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಕಡೆ ಹೀಗಾಗಲ್ಲಪ್ಪ," ಅಂದರು. ನಿಮ್ಮ ಕಡೆ ಆಗದೆ ಇರಬಹುದು ಮೇಡಂ, ನಮ್ಮ ಕಡೆ ಆಗುತ್ತೆ ಅಂದೆವು. ಅವರು ಬಾಟಲಿ ಬಿಟ್ಟು ಹೋದರು. ಊರಿಗೆ ದುಡಿಮೆಯ ದಾರಿಯಾಯಿತು, ಹಳ್ಳ ತಿಳಿಯಾಯಿತು, ಏಡಿಗಳು ವಾಪಸ್ಸು ಹೋದವು. ಕಹಿಯನ್ನು ಮನೆಗೊಂದರಂತೆ ಸರದಿಯಲ್ಲಿ ಹೊರುವುದೆಂದು ಚೆನ್ನಬೋರಯ್ಯನವರು ತೀರ್ಮಾನ ಮಾಡಿದರು. ಅವರು ತೊಟ್ಟಿ ಸಂಘದ ಯಜಮಾನರು, ಮೊದಲ ಪಾಳಿಯನ್ನು ತಾವೇ ಹೊತ್ತರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ನನ್ನ ಹೆಂಡತಿ ನಿಂಗಾಜಮ್ಮ ತೊಟ್ಟಿ ಅಂಗಳದ ಎದುರಿಗೇ ಹೋಟೆಲು ಇಟ್ಟಿದ್ದಳು. ಹೋಟೆಲು ಅಂದರೆ ಎರಡು ಬೆಂಚು, ಒಂದು ಒಲೆ, ಮೇಲೆ ತಗಡು. ಅವಳ ಉಪ್ಪೆಸರು ಮುದ್ದೆಗೆ ಲಾರಿಯವರು ದಾರಿ ತಿರುಗಿಸಿಕೊಂಡು ಬರುತ್ತಿದ್ದರು. ಅವಳಿಗೆ ಹಿಂದೊಮ್ಮೆ ಜ್ವರ ಬಂದು, ಜ್ವರ ಇಳಿಯುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಸಕ್ಕರೆಗೂ ಮರಳಿಗೂ ವ್ಯತ್ಯಾಸ ತಿಳಿಯದು. ಆಸ್ಪತ್ರೆಯ ಡಾಕ್ಟರು, ಬಂದರೂ ಬರಬಹುದು, ಕಾಯಬೇಕು ಅಂದಿದ್ದರು. ಅವಳು ಯಾರಿಗೂ ಹೇಳಲಿಲ್ಲ. ಕೈಯಳತೆಯಲ್ಲಿ ಉಪ್ಪು ಹಾಕಿ, ಮೂಗಿನಲ್ಲಿ ಖಾರ ನೋಡಿ, ಕಡೆಗೆ ಒಂದು ಸೌಟು ನನ್ನ ಮುಂದೆ ಹಿಡಿದು, "ಏನ್ ಕಮ್ಮಿ ಆಗೈತೆ, ಸುಳ್ಳು ಹೇಳ್ದೆ ಹೇಳು" ಅನ್ನುತ್ತಿದ್ದಳು. ನಾನು ಸುಳ್ಳು ಹೇಳದೆ ಇದ್ದ ಜಾಗ ಅದೊಂದೇ.

ನಮ್ಮ ಮನೆಯ ಪಾಳಿಯನ್ನು ಯಾವಾಗಲೂ ನಾನೇ ಹೊರುತ್ತಿದ್ದೆ. ಒಮ್ಮೆ ಗೋಣಿ ಎತ್ತುವಾಗ ಸೊಂಟ ಉಳುಕಿ ಮಲಗಿದ್ದೆ, ಅವಳು ಹೋದಳು. ಜನರೆಲ್ಲ ನೋಡುತ್ತಿದ್ದ ಹಾಗೆ ಸೌಟನ್ನು ಎತ್ತಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಒಲೆ ಮೇಲೆ ಬೇಳೆ ಬೇಯ್ತಾ ಐತೆ, ಬತ್ತೀನಿ" ಎಂದು ನಡೆದಳು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಮಾರನೆಯ ದಿನ ಚೆನ್ನಬೋರಯ್ಯನವರು ಮನೆಗೆ ಬಂದು ಕೂತರು.

"ನಿಂಗಾಜಮ್ಮಾ, ನಿಜ ಹೇಳು. ಕಹಿ ಆಯ್ತೋ ಇಲ್ವೋ?"

"ನಂಗೆ ಯಾವ್ದೂ ಗೊತ್ತಾಗಲ್ಲ ಯಜಮಾನ್ರೆ. ನಾಲ್ಗೆ ಸತ್ತೋಗಿ ಶ್ಯಾನೆ ದಿನ ಆಯ್ತು."

ಅವರು ಲೊಚಗುಟ್ಟಿದರು. ಪಾಪ ಅಂದರು. ಆಮೇಲೆ ಸುಮ್ಮನೆ ಕೂತರು. ಆ ಸುಮ್ಮನೆ ಕೂತದ್ದು ನನಗೆ ಚೆನ್ನಾಗಿ ಕಾಣಲಿಲ್ಲ. ಆದರೆ ಅವರು ಏನನ್ನೂ ಕೇಳಲಿಲ್ಲ. ಕೇಳಿದ್ದು ನನ್ನ ಹೆಂಡತಿಯೇ. ಮುಂದಿನ ಪಾಳಿ ಪಕ್ಕದ ಬೀದಿಯ ರತ್ನಿಯ ಮನೆಯದು. ಅವಳು ಹಸಿ ಬಾಣಂತಿ. ಗಂಡ ಲಾರಿ ಮೇಲೆ ಹೋಗಿದ್ದ, ಅತ್ತೆ ಗೌರಮ್ಮನಿಗೆ ಎದೆನೋವು ಅಂತ ಆಕೆಯೇ ಹೇಳುತ್ತಿದ್ದಳು. "ಬಾಣಂತಿಗೆ ಬಾಯಿ ಕಹಿಯಾದ್ರೆ ಉಣ್ಣೋದೆಂಗೆ, ಹಾಲು ಬರೋದೆಂಗೆ? ಆ ಸೌಟು ನಾನೇ ಕುಡಿದ್ರೆ ಆಯ್ತಲ್ಲ. ನಂಗೇನು ನಷ್ಟ?" ಎಂದಳು ನಿಂಗಾಜಮ್ಮ.

ಊರು ಅವತ್ತು ಅವಳನ್ನು ಹೊತ್ತುಕೊಂಡು ಮೆರೆಸಿತು. ಗೌರಮ್ಮ ಒಂದು ತಟ್ಟೆಯಲ್ಲಿ ಸೀರೆ, ರವಿಕೆ ಕಣ, ಬಳೆ ತಂದುಕೊಟ್ಟು ಕಾಲಿಗೆ ಬಿದ್ದಳು. ಎದೆನೋವಿನವಳು ಅಷ್ಟು ಬಗ್ಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅದರ ಮುಂದಿನ ಪಾಳಿಯವರ ಮನೆಯಲ್ಲಿ ಮದುವೆ ಇತ್ತು. ಅದರ ಮುಂದಿನವರ ಮಗಳು ಪರೀಕ್ಷೆಗೆ ಓದುತ್ತಿದ್ದಳು. ಅದರ ಮುಂದಿನವರಿಗೆ ಕಾರಣ ಹೇಳಬೇಕು ಅನ್ನುವುದೂ ಮರೆತುಹೋಯಿತು, ತಟ್ಟೆ ಮಾತ್ರ ಬಂತು. ಹೀಗೆ ಊರಿನ ಎಲ್ಲ ಮನೆಗಳ ಪಾಳಿಯನ್ನೂ ನನ್ನ ಹೆಂಡತಿ ಕುಡಿದಳು. ಸುತ್ತು ಮುಗಿದು ಇನ್ನೊಂದು ಸುತ್ತು ಶುರುವಾಯಿತು.

ಊರು ಸಿಹಿಯಾಯಿತು ಅಂದರೆ ಹೇಗೆ ಹೇಳಲಿ. ಮಿಲ್ಲಿನ ಪಕ್ಕ ಬೇಕರಿ ಬಂತು, ಸಿಪ್ಪೆ ಹಿಟ್ಟಿನ ಬಿಸ್ಕತ್ತು ಪೇಟೆಗೆ ಹೋಯಿತು. ತೊಟ್ಟಿಗಳು ಹೆಚ್ಚಾದವು. ಹೊಟ್ಟಿನಿಂದ ತಟ್ಟೆ ಲೋಟ ಒತ್ತುವ ಮಿಷನ್ನು ಬಂತು. ಹಸುಗಳು ಹಿಂಡಿ ತಿಂದು ಎಷ್ಟು ಹಾಲು ಕೊಟ್ಟವೆಂದರೆ ಕರುಗಳು ಬೇಸರಪಟ್ಟು ಹುಲ್ಲಿಗೆ ಬಾಯಿ ಹಾಕಿದವು. ಯಾರೂ ಯಾರಿಗೂ ಬೈಯುತ್ತಿರಲಿಲ್ಲ. ಕಹಿ ಎಂದರೇನೆಂದು ಗೊತ್ತಿಲ್ಲದ ಮಕ್ಕಳು ಬೀದಿ ತುಂಬ ಓಡಾಡಿದವು.

ನಮ್ಮ ಬಾಗಿಲ ಮೇಲಿನ ಸೌಟು ಮಾತ್ರ ಇಳಿಯಲಿಲ್ಲ. ಸೌಟು ಇರುವ ಮನೆಯಲ್ಲಿ ಉಣ್ಣಬಾರದು, ಅದು ಊರಿನ ಪದ್ಧತಿ. ಸೌಟನ್ನು ಮನೆಗೆ ಹಾಕಿದ್ದೇವೆ, ಹೋಟೆಲಿಗಲ್ಲ ಎಂದು ನಾನು ವಾದ ಮಾಡಿದೆ. "ಒಲೆ ಬೇರೆ ಇರ್ಬೋದು ಜವರಣ್ಣ, ಕೈ ಒಂದೇ ಅಲ್ವ," ಅಂದರು. ಬಲು ಮರ್ಯಾದೆಯಿಂದಲೇ ಅಂದರು. ಹಾದುಹೋಗುವಾಗ ಕೈಮುಗಿಯುತ್ತಿದ್ದರು, ತಾಯಿ ಅನ್ನುತ್ತಿದ್ದರು, ಬೇಕರಿಯಲ್ಲಿ ಹೋಗಿ ತಿನ್ನುತ್ತಿದ್ದರು. ಊರಿನವರನ್ನು ನೋಡಿ ಲಾರಿಯವರೂ ನಿಲ್ಲಿಸುವುದನ್ನು ಬಿಟ್ಟರು. ಸಂಘದಿಂದ ಅಕ್ಕಿ ರಾಗಿ ಮನೆಗೇ ಬರುತ್ತಿತ್ತು. ನಿಂಗಾಜಮ್ಮ ಆದರೂ ದಿನಾ ಬೆಳಗ್ಗೆ ಬೆಂಚು ಒರೆಸುತ್ತಿದ್ದಳು. ಒಂದು ಹಂಡೆ ಸಾರು ಮಾಡಿ, ಮಧ್ಯಾಹ್ನದವರೆಗೂ ರಸ್ತೆ ನೋಡಿ, ಸಂಜೆ ಅದನ್ನು ನಾಯಿಗಳಿಗೆ ಹಾಕುತ್ತಿದ್ದಳು. ನಾನು, "ನಮ್ಮ ಬೀದಿ ನಾಯಿಗಳು ಕೊಬ್ಬಿ ಬೊಗಳೋಕೂ ಆಳಿಟ್ಕೊಂಡವೆ ಕಣೆ," ಅಂತ ನಗಿಸಲು ನೋಡುತ್ತಿದ್ದೆ. ಅವಳು ನಗುತ್ತಿದ್ದಳು, ನನ್ನ ಸಮಾಧಾನಕ್ಕೆ.

ಒಂದು ಬೆಳಗ್ಗೆ ಅವಳು ಮುಖ ತೊಳೆಯಲು ಬಾಯಿಗೆ ನೀರು ಹಾಕಿಕೊಂಡವಳು ಹಾಗೇ ನಿಂತುಬಿಟ್ಟಳು. ಚೊಂಬು ಕೆಳಗೆ ಬಿತ್ತು.

"ಜವರಾ," ಎಂದಳು. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಹೆಸರು ಹಿಡಿದು ಕರೆದವಳಲ್ಲ. "ಏನೋ ಐತೆ ನಾಲ್ಗೆ ಮ್ಯಾಲೆ. ಏನೋ ಗೊತ್ತಾಯ್ತಾ ಐತೆ."

"ಏನು ಗೊತ್ತಾಯ್ತಾ ಐತೆ?"

"ಕಹಿ."

ಅಷ್ಟು ಹೇಳಿ ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ಜ್ವರ ಬಂದಾಗಿನಿಂದ ನಾನು ಕಂಡಿರಲಿಲ್ಲ. ಅಡುಗೆಮನೆಗೆ ಓಡಿ ಉಪ್ಪಿನ ಮಡಕೆಗೆ ಬೆರಳು ಅದ್ದಿ ನೆಕ್ಕಿದಳು, ಕಹಿ. ಬೆಲ್ಲ ಕಚ್ಚಿದಳು, ಕಹಿ. ಹುಣಿಸೆಹಣ್ಣು, ಮೊಸರು, ಮೆಣಸಿನಕಾಯಿ, ಕಹಿ, ಕಹಿ, ಕಹಿ. ಪ್ರತಿ ಸಲವೂ, "ಗೊತ್ತಾಯ್ತಾ ಐತೆ ಕಣೋ," ಎಂದು ಕಣ್ಣೀರು ಸುರಿಸುತ್ತಾ ನಗುತ್ತಿದ್ದಳು. ನಾನೂ ಕುಣಿದೆ. ನಾಲಿಗೆ ಬದುಕಿತ್ತು, ಮಿಕ್ಕದ್ದು ನಮ್ಮ ತಲೆಗೆ ಹೊಳೆಯಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಹೊಳೆಯಿತು. ಎರಡು ತುತ್ತಿಗೆ ಅವಳು ತಟ್ಟೆ ಸರಿಸಿದಳು. ಮಾರನೆಯ ದಿನ ಒಂದು ತುತ್ತು. ಆಮೇಲೆ ನೀರು ಕುಡಿಯಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮೊದಲು ನಾವೆಲ್ಲ ಪಾಳಿಯಲ್ಲಿ ಹೊತ್ತ ಕಹಿ ಈಗಿನ ಕಹಿಯ ಮುಂದೆ ಏನೂ ಅಲ್ಲ. ಆಗ ಇದ್ದದ್ದು ಒಂದೇ ತೊಟ್ಟಿ. ಈಗ ಎಲ್ಲ ತೊಟ್ಟಿಗಳ ರಸವನ್ನೂ ಒಂದಕ್ಕೇ ಹರಿಸಿ, ಒಂದೇ ಸೌಟಿನಲ್ಲಿ ಮುಗಿಸುತ್ತಿದ್ದರು. ಹೇಗೂ ಅವಳಿಗೆ ತಿಳಿಯುವುದಿಲ್ಲವಲ್ಲ ಎಂದು.

"ಮುಂದಿನ ಸೌಟು ನಾನು ಕುಡೀತೀನಿ, ನೀನು ಸುಮ್ಕಿರು," ಎಂದೆ.

"ನೀನು ಕುಡೀಬ್ಯಾಡ." ಅವಳ ದನಿ ಒಣಗಿತ್ತು. "ನೀನು ಕುಡಿದ್ರೆ ಸೌಟು ಈ ಬಾಗ್ಲಲ್ಲೇ ಇರ್ತದೆ. ಬ್ಯಾರೆ ಮನೆಯೋರು ಕುಡೀಲಿ. ಒಂದೇ ಒಂದು ಸಲ ಆ ಸೌಟು ಇಳೀಲಿ. ನನ್ನ ಬೆಂಚಿನ ಮ್ಯಾಲೆ ನಾಲ್ಕು ಜನ ಕೂತ್ಕಂಡು, ಉಪ್ಪು ಕಮ್ಮಿ ಅಂತ ಬೈಕೊಂಡು ಉಣ್ಲಿ. ಅದು ಬಿಟ್ಟು ನಂಗೇನೂ ಬ್ಯಾಡ."

ಚೆನ್ನಬೋರಯ್ಯನವರ ಹತ್ತಿರ ಹೋದೆವು. ಅವರ ಕಣ್ಣಲ್ಲಿ ನೀರು ಬಂತು. "ನೀವು ಹೇಳೋದೇ ಬ್ಯಾಡ ತಾಯಿ. ನಿಮ್ಮ ಋಣ ನಮ್ಮ ಮ್ಯಾಲೈತೆ. ಪಾಳಿ ಮತ್ತೆ ಶುರು ಮಾಡುವ," ಎಂದು ಊರನ್ನು ಸೇರಿಸಿದರು. ತೊಟ್ಟಿ ಅಂಗಳ ತುಂಬಿತು. ಎಲ್ಲರೂ ಒಪ್ಪಿದರು. ಒಬ್ಬರೂ ಆಗುವುದಿಲ್ಲ ಅನ್ನಲಿಲ್ಲ. ಆಕೆ ಇಷ್ಟು ದಿನ ಹೊತ್ತದ್ದೇ ಹೆಚ್ಚು ಅಂದರು. ಪಾಳಿ ಎಲ್ಲಿಗೆ ನಿಂತಿತ್ತು, ಮುಂದಿನ ಮನೆ ಯಾವುದು ಎಂದು ಚೆನ್ನಬೋರಯ್ಯನವರು ಕೇಳಿದರು.

"ನಾವು ಕುಡಿದು ಆದ್ಮೇಲೆ ರತ್ನಿ ಮನೇದು," ಎಂದೆ.

ಗೌರಮ್ಮ ಎದ್ದು ನಿಂತಳು. "ನಮ್ದು ಆಗೋಗೈತಲ್ಲ ಜವರಣ್ಣ. ನಮ್ಮ ಪಾಳಿ ನಿನ್ನ ಹೆಂಡ್ತಿ ಹೊತ್ತವಳೆ. ನಾನು ತಟ್ಟೆ ಕೊಟ್ಟಿವ್ನಿ, ಸೀರೆ ಉಡಿಸಿವ್ನಿ. ಆ ಸೀರೇನೆ ಉಟ್ಕಂಡು ಕೂತವಳಲ್ಲ, ನೋಡು."

"ಹಂಗಾದ್ರೆ ನಿಮ್ಮ ಮುಂದಿನೋರು," ಎಂದರು ಚೆನ್ನಬೋರಯ್ಯ.

"ನಮ್ದೂ ಆಗೈತೆ. ಮದ್ವೆ ವರ್ಷ," ಎಂದಿತು ಇನ್ನೊಂದು ಮನೆ.

"ನಮ್ದು ಎರಡು ಸಲ ಆಗೈತೆ," ಎಂದಿತು ಮತ್ತೊಂದು.

ಈರಾಚಾರಿ ತನ್ನ ಮಚ್ಚಿನ ಹಿಡಿ ಸವರುತ್ತಾ, "ನ್ಯಾಯ ಅಂದ್ರೆ ನ್ಯಾಯನೇ ಕಣ್ರಪ್ಪ. ಆಗಿರೋ ಪಾಳಿನ ಆಗಿಲ್ಲ ಅನ್ನೋಕಾಯ್ತದಾ?" ಎಂದ. ಯಾರೂ ಜಗಳವಾಡಲಿಲ್ಲ. ಜಗಳ ಮರೆತಿದ್ದ ಊರು ಅದು. ಮೆಲ್ಲಗೆ, ಒಬ್ಬರಿಗೊಬ್ಬರು ನೆನಪು ಮಾಡಿಕೊಡುತ್ತಾ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆಯನ್ನೂ ದಾಟಿಸಿಕೊಂಡು ಹೋದರು. ಎಲ್ಲರ ಪಾಳಿಯೂ ಮುಗಿದಿತ್ತು. ಕೊನೆಯ ಮನೆ ದಾಟಿದ ಮೇಲೆ ಉಳಿದದ್ದು ನಮ್ಮ ಮನೆ. ಲೆಕ್ಕದಲ್ಲಿ ಒಂದು ಕೂದಲಷ್ಟು ತಪ್ಪಿರಲಿಲ್ಲ. ಚೆನ್ನಬೋರಯ್ಯನವರು ತಲೆ ತಗ್ಗಿಸಿ, "ಪದ್ಧತಿ ಪ್ರಕಾರ ಈ ಸಲ ನಿಮ್ದೇ ಬತ್ತದೆ. ಇದೊಂದು ಆಗೋಗ್ಲಿ ತಾಯಿ. ಆಮ್ಯಾಕೆ ರತ್ನಿ ಮನೆಯಿಂದ ಸರಿಯಾಗಿ ಶುರು," ಎಂದರು.

ನಿಂಗಾಜಮ್ಮ ಎದ್ದು ಮನೆಗೆ ನಡೆದಳು. ಹಿಂದಿನಿಂದ ಎಲ್ಲರೂ ಕೈಮುಗಿದರು.

ತೊಟ್ಟಿ ತೆರೆಯುವ ದಿನ ಬೆಳಗ್ಗೆ ಅವಳು ಏಳಲಿಲ್ಲ. ಏಳುವ ಶಕ್ತಿ ಇರಲಿಲ್ಲ. ಹಾಗೆಂದು ಮಾತು ಬಿಡಲಿಲ್ಲ. "ನೀನು ಸೌಟು ಮುಟ್ಟಬ್ಯಾಡ. ನಾವಿಬ್ರೂ ಮುಟ್ಟದಿದ್ರೆ ಯಾರಾದ್ರೂ ಮುಟ್ಲೇಬೇಕು," ಅಂದಳು. ಅದು ಸರಿಯಾದ ಮಾತೇ. ನಾನು ಹೋಗಿ ಗೋಣಿ ತೆಗೆದು, ಮೊಣಕೈ ಅದ್ದಿ ಶಾಖ ನೋಡಿ, ಸೌಟನ್ನು ತೊಟ್ಟಿಯ ಅಂಚಿನ ಮೇಲಿಟ್ಟು ದೂರ ನಿಂತೆ.

ಹೆಪ್ಪು ಹಾಕಿದ ತೊಟ್ಟಿ ಕಾಯುವುದಿಲ್ಲ. ಬಿಡಿಸಿದ ಕಹಿಯನ್ನು ಯಾರೂ ಹೊರದಿದ್ದರೆ ಬಿಸಿಲು ಏರುವಷ್ಟರಲ್ಲಿ ಅದು ಮತ್ತೆ ಸಿಪ್ಪೆಗೇ ಸೇರುತ್ತದೆ. ಆಮೇಲೆ ಹಳ್ಳಕ್ಕೆ ಸುರಿಯುವುದೊಂದೇ ದಾರಿ. ಇದು ಎಲ್ಲರಿಗೂ ಗೊತ್ತು. ಎಲ್ಲರೂ ತೊಟ್ಟಿಯನ್ನು ನೋಡಿದರು. ಕೆಲವರು ಆಕಾಶ ನೋಡಿದರು. ರತ್ನಿ ಗುಂಪಿನಿಂದ ಎರಡು ಹೆಜ್ಜೆ ಮುಂದೆ ಬಂದಳು, ನಿಜವಾಗಿಯೂ ಬಂದಳು. ಸೌಟಿನ ಕಡೆ ಕೈಯನ್ನೂ ಚಾಚಿದಳು. ಗೌರಮ್ಮ ಅವಳ ಸೆರಗು ಹಿಡಿದು, "ಮಗು ಅಳ್ತಾ ಐತೆ, ಹೋಗವ್ವ," ಅಂದಳು. ಆ ಮಗು ಅಲ್ಲೇ ಚೆನ್ನಬೋರಯ್ಯನವರ ಮೊಮ್ಮಕ್ಕಳ ಜೊತೆ ಬಿಸ್ಕತ್ತು ತಿನ್ನುತ್ತಾ ಆಡುತ್ತಿತ್ತು. ರತ್ನಿ ಅದನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ಮುಂದಿನ ಸಲ ನಾನೇಯ ದೊಡ್ಡಪ್ಪ," ಎಂದು ಹಿಂದೆ ಸರಿದಳು.

ತೊಟ್ಟಿಯ ಮೇಲಿನ ನೊರೆ ಕಂದು ಬಣ್ಣಕ್ಕೆ ತಿರುಗತೊಡಗಿತು. ಬಿಟ್ಟುಬಿಡಬೇಕಿತ್ತು. ತೊಟ್ಟಿ ಕೆಡಲಿ, ಹಳ್ಳ ಕಪ್ಪಾಗಲಿ, ಏಡಿಗಳು ಬಸ್ ಹಿಡಿಯಲಿ ಎಂದು ಕೈಕಟ್ಟಿ ನಿಂತಿದ್ದರೆ ಅವಳ ಮಾತು ನಡೆಯುತ್ತಿತ್ತೋ ಏನೋ. ಆದರೆ ಈ ಸೌಟನ್ನು ಯಾರೂ ಕುಡಿಯದಿದ್ದರೆ ಅವಳ ಬಾಯಿಯ ಕಹಿ ಇನ್ನೊಂದು ತೊಟ್ಟಿ ಹಣ್ಣಾಗುವವರೆಗೂ ಇಳಿಯುವುದಿಲ್ಲ. ಅಲ್ಲಿಯವರೆಗೆ ಅವಳು ಉಳಿಯುತ್ತಾಳೆಂದು ನನಗೆ ಅನ್ನಿಸಲಿಲ್ಲ. ಹೋಗಿ ಸೌಟು ಎತ್ತಿ ಕುಡಿದೆ.

ಅದು ಹೇಗಿತ್ತು ಎಂದು ಹೇಳಲು ನನ್ನ ಹತ್ತಿರ ಸುಳ್ಳು ಇಲ್ಲ.

ಅವರು ಚಪ್ಪಾಳೆ ತಟ್ಟಿದರು. ಚೆನ್ನಬೋರಯ್ಯನವರು ನನ್ನ ಕುತ್ತಿಗೆಗೆ ಸೇವಂತಿಗೆ ಹಾರ ಹಾಕಿದರು. ಹಾರವನ್ನು ಅವರು ಮೊದಲೇ ತರಿಸಿಟ್ಟಿದ್ದರು.

ಮನೆಗೆ ಬಂದಾಗ ಒಲೆ ಉರಿಯುತ್ತಿತ್ತು. ನಿಂಗಾಜಮ್ಮ ಗೋಡೆ ಹಿಡಿದುಕೊಂಡು ಎದ್ದು ಅನ್ನ ಮಾಡಿದ್ದಳು. ಬರೀ ಅನ್ನ, ಮೇಲೆ ಒಂದಿಷ್ಟು ಹಸಿ ಎಣ್ಣೆ, ಉಪ್ಪು. ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣುತ್ತಿದ್ದಳು. ಕೆನ್ನೆಗೆಲ್ಲ ಅಗುಳು ಅಂಟಿತ್ತು. ನಾಲಿಗೆಯಿಂದ ಕಹಿ ಇಳಿದ ಗಳಿಗೆಯೇ ಅವಳಿಗೆ ತಿಳಿದಿರಬೇಕು.

ನಾನು ಹಾರವನ್ನು ತೆಗೆದು ಬೆನ್ನ ಹಿಂದೆ ಹಿಡಿದುಕೊಂಡು ಎದುರಿಗೆ ಕೂತೆ. "ಏನ್ ಕೇಳ್ತೀಯ ಇವಳೇ. ನೂಕುನುಗ್ಗಲು ಅಂದ್ರೆ ನೂಕುನುಗ್ಗಲು. ಸೌಟಿಗೆ ನಾನು ತಾನು ಅಂತ ಬಿದ್ದು ಕಿತ್ತಾಡಿದ್ರು. ಈರಾಚಾರಿ ತೊಟ್ಟಿ ಒಳಕ್ಕೇ ಬಿದ್ದ. ಗೌರಮ್ಮ ಅವನ ಜುಟ್ಟು ಹಿಡ್ಕೊಂಡು ಮ್ಯಾಲಕ್ಕೆ ಎಳ್ದು, ಆ ಸೌಟು ಕಿತ್ಕೊಂಡು..."

ಮಾತಾಡಲು ನಾಲಿಗೆ ಆಡಿಸಿದಾಗಲೆಲ್ಲ ನನ್ನ ಮುಖ ತಾನಾಗಿ ಹಿಂಡಿಕೊಳ್ಳುತ್ತಿತ್ತು. ಅವಳು ತಲೆ ಎತ್ತಿ ಒಂದು ಸಲ ನನ್ನ ಬಾಯನ್ನೇ ನೋಡಿದಳು. ಮತ್ತೆ ತಲೆ ತಗ್ಗಿಸಿ ಪಾತ್ರೆಗೆ ಕೈ ಹಾಕಿದಳು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಗೌರಮ್ಮ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಎದೆ ಹಿಡಿದುಕೊಂಡು, ಹೊಸಲಿನ ಆಚೆಗೇ ನಿಂತಿದ್ದಳು. "ಮುಂದಿನ ಪಾಳಿ ವಿಚಾರ ಒಂದು ಮಾತು ಇತ್ತು ತಾಯಿ," ಎಂದಳು.

ನಾನು ಎದ್ದೆ. ಏನಾದರೂ ಹೇಳಬೇಕಿತ್ತು. ಕಹಿ ಹೊತ್ತವನು ಬೈದರೆ ಲೆಕ್ಕಕ್ಕಿಲ್ಲ ಎಂಬುದು ನೆನಪಾಗಿ ಬಾಯಿ ತೆರೆದೆ.

"ನೀನು ಕೂತ್ಕೊ," ಎಂದಳು ನನ್ನ ಹೆಂಡತಿ, ಬಾಯಿ ತುಂಬ ಅನ್ನ ಇಟ್ಟುಕೊಂಡೇ. "ಆವಮ್ಮ ಅಲ್ಲೇ ನಿಂತಿರ್ಲಿ. ನಾನು ಉಣ್ತಾವ್ನಿ."